ದಾಕ್ಷಿಣ್ಯವೇ ಬಂಡವಾಳ: ಎಡೆದೊರೆ ನಾಡಿನ ಮುಖಲೇಪನ ವಾಣಿಜ್ಯ ಕುರಿತು ಒಂದು ಸಂಶೋಧನಾ ಪ್ರಬಂಧ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಇದಕ್ಕಾಗಿ ಚಾಳುಕ್ಯರು ಚೋಳರೊಡನೆ ಕಾದಿದರು, ವಿಜಯನಗರದವರು ಬಹಮನಿಗಳೊಡನೆ ಕಾದಿದರು. ಕೊನೆಗೆ 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಇತಿಹಾಸಕಾರರು ಇಲ್ಲಿಗೆ ಪುಟ ಮುಗಿಸಿ ಪೆನ್ನು ಮುಚ್ಚುತ್ತಾರೆ. ಆದರೆ ಯುದ್ಧ ಮುಗಿದಿಲ್ಲ. ರಾಯಚೂರಿನ ಬಡಾವಣೆಗಳಿಂದ ದಿನವೂ ಮುಂಜಾನೆ ಹತ್ತರ ಹೊತ್ತಿಗೆ, ಒಲೆ ಒರೆಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹೆಗಲಿಗೆ ಚೀಲ ಏರಿಸಿಕೊಂಡು ಒಂದು ಸೈನ್ಯ ಮಾನ್ವಿ, ದೇವದುರ್ಗಗಳ ಕಡೆ ಹೊರಡುತ್ತದೆ. ಚೀಲದಲ್ಲಿ ಫೇಸ್‌ವಾಶು, ನೈಟ್ ಕ್ರೀಮು, ಲಿಪ್‌ಸ್ಟಿಕ್ಕು, ಒಂದು ಬಣ್ಣಬಣ್ಣದ ಕ್ಯಾಟಲಾಗು. ಈ ದಂಡಯಾತ್ರೆಯ ಶಾಸ್ತ್ರೀಯ ವಿವೇಚನೆಯೇ ಪ್ರಸ್ತುತ ಪ್ರಬಂಧದ ಗುರಿ.

ಪೂರ್ವಸೂರಿಗಳು

ಕನ್ನಡದಲ್ಲಿ ಈ ವಿದ್ಯೆಯ ಆದ್ಯ ಆಚಾರ್ಯ ಎರಡನೆಯ ಚಾವುಂಡರಾಯ. ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ ಆತ ರಚಿಸಿದ 'ಲೋಕೋಪಕಾರಂ' ಕನ್ನಡದ ಮೊದಲ ವಿಶ್ವಕೋಶವೆಂದು ಹೆಸರಾಗಿದೆ. ಅದರಲ್ಲಿ ಬಾವಿ ತೋಡಲು ನೀರಿನ ಸೆಲೆ ಹುಡುಕುವುದುಂಟು, ಅಡುಗೆಯುಂಟು, ಗಿಡಕ್ಕೆ ಮದ್ದುಂಟು, ಸುಗಂಧದ್ರವ್ಯ ತಯಾರಿಸುವ ಗಂಧಯುಕ್ತಿಯೂ ಉಂಟು. ನೂರು ವರ್ಷದ ಮೇಲೆ ಕಲ್ಯಾಣದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಸ್ನಾನ, ವಿಲೇಪನಗಳನ್ನು ರಾಜಭೋಗಗಳ ಪಟ್ಟಿಗೇ ಸೇರಿಸಿದ. ಇಬ್ಬರೂ ಮಹಾಪಂಡಿತರು. ಆದರೆ ವ್ಯಾಪಾರದ ದೃಷ್ಟಿಯಿಂದ ಇಬ್ಬರೂ ಒಂದು ಘೋರ ಪ್ರಮಾದ ಎಸಗಿದರು: ತಯಾರಿಸುವ ವಿಧಾನವನ್ನು ಪುಕ್ಕಟೆ ಬರೆದಿಟ್ಟರು. ಇಂದಿನ ಶಾಸ್ತ್ರಜ್ಞರು ವಿಧಾನವನ್ನು ಗುಟ್ಟಾಗಿಟ್ಟು, 'ಅವಕಾಶ'ವನ್ನು ಮಾತ್ರ ಹಂಚುತ್ತಾರೆ.

ಪಾಶ್ಚಾತ್ಯ ಪರಂಪರೆ ಶುರುವಾದದ್ದು 1886ರಲ್ಲಿ. ಅಮೆರಿಕದ ಡೇವಿಡ್ ಮೆಕಾನೆಲ್ ಮನೆಮನೆಗೆ ಪುಸ್ತಕ ಮಾರುತ್ತಿದ್ದ. ಪುಸ್ತಕ ಕೊಳ್ಳಲೆಂದು ಹೆಂಗಸರಿಗೆ ಸಣ್ಣ ಅತ್ತರಿನ ಶೀಷೆ ಬಿಟ್ಟಿ ಕೊಡುತ್ತಿದ್ದನಂತೆ. ಜನ ಅತ್ತರು ಕೇಳಿದರು, ಪುಸ್ತಕ ಕೇಳಲಿಲ್ಲ. ಆತ ಪುಸ್ತಕ ಬಿಟ್ಟು ಅತ್ತರು ಹಿಡಿದ, ಮುಂದೆ ಅದೇ ಏವನ್ ಕಂಪನಿಯಾಯಿತು. (ಪ್ರಬಂಧ ಬರೆದು ಬದುಕುವವರು ಈ ಪ್ಯಾರಾವನ್ನು ಎರಡು ಸಲ ಓದಬಾರದು.) ಸ್ವೀಡನ್ನಿನಲ್ಲಿ 1967ರಲ್ಲಿ ಹುಟ್ಟಿದ ಓರಿಫ್ಲೇಮ್ 1995ರಲ್ಲಿ, ಏವನ್ ಮರುವರ್ಷ ಭಾರತಕ್ಕೆ ಕಾಲಿಟ್ಟವು, ಆಮ್ವೇ 1998ರಲ್ಲಿ ವ್ಯಾಪಾರ ತೆರೆಯಿತು. ಅದೇ ದಾರಿ ಹಿಡಿದ ಸ್ವದೇಶಿ ಕಂಪನಿಗಳು ಬೇರೆ.

ಆದರೆ ಮಾನ್ವಿಯ ಹೆಣ್ಣುಮಗಳಿಗೆ ಇದೆಲ್ಲ ಹೊಸದೇನಲ್ಲ. ಬಳಿಗಾರ ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಕಟ್ಟೆಗೆ ಬಂದು ಕುಳಿತಾಗಲೇ ನೇರ ಮಾರಾಟ ನಡೆದಿತ್ತು. ಉದುರಿದ ಕೂದಲು ತೆಗೆದುಕೊಂಡು ಪಿನ್ನು, ಸೂಜಿ, ಟಿಕಳಿ ಕೊಡುವ ಹೆಂಗಸರಂತೂ ವಿನಿಮಯ ಪದ್ಧತಿಯನ್ನೇ ಕಾಪಾಡಿದವರು. ಬಳಿಗಾರನಿಗೆ ಮುಂಗೈಯ ಅಳತೆ ಗೊತ್ತು, ತವರಿನ ಸುದ್ದಿ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿ ಯಾವಾಗ ಮಾರಿ ರೊಕ್ಕ ಬರುತ್ತದೆ ಎಂಬುದು ಗೊತ್ತು. ಈ ಕೊನೆಯ ಜ್ಞಾನ ಯಾವ ಕಂಪನಿಯ ಆ್ಯಪಿನಲ್ಲೂ ಇಲ್ಲ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಪ್ರಮೇಯ

ಕಂಪನಿಯವರ ಮೊದಲ ಮಾತು: ಬಂಡವಾಳ ಬೇಡ, ಅಂಗಡಿ ಬೇಡ, ಬಾಡಿಗೆ ಬೇಡ. ಇದು ಪೂರ್ವಪಕ್ಷ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಹತ್ತಿ, ಮೆಣಸಿನಕಾಯಿ ವ್ಯಾಪಾರ ಮಾಡಿ ತಲೆ ಬೆಳ್ಳಗಾದ ಯಾವ ಅಡತಿ ಸಾಹುಕಾರನನ್ನಾದರೂ ಕೇಳಿ, ಬಂಡವಾಳವಿಲ್ಲದ ವ್ಯಾಪಾರ ಜಗತ್ತಿನಲ್ಲಿ ಇಲ್ಲ ಎನ್ನುತ್ತಾನೆ. ಹೊಗೆಯಿದ್ದಲ್ಲಿ ಬೆಂಕಿ ಇರಲೇಬೇಕು ಎಂಬುದು ತರ್ಕಶಾಸ್ತ್ರ. ಲಾಭ ಬರುತ್ತಿದ್ದರೆ ಬಂಡವಾಳ ಎಲ್ಲೋ ಹೂಡಿರಲೇಬೇಕು. ಹಣದ ರೂಪದಲ್ಲಿ ಅದು ಕಾಣದಿರುವುದರಿಂದ, ಬೇರೆ ರೂಪದಲ್ಲಿದೆ ಎಂದು ಊಹಿಸಬೇಕು. ಹಲವು ಮನೆಗಳ ಪಡಸಾಲೆಯಲ್ಲಿ ಕುಳಿತು ಪರಾಂಬರಿಸಿದ ಮೇಲೆ ಆ ದ್ರವ್ಯ ದಾಕ್ಷಿಣ್ಯ ಎಂದು ಸಿದ್ಧವಾಗುತ್ತದೆ.

'ಬೇಡ' ಎನ್ನಲು ನಾಲಿಗೆ ಏಳದಿರುವುದೇ ದಾಕ್ಷಿಣ್ಯದ ಲಕ್ಷಣ. ಇದು ಎಲ್ಲರಲ್ಲೂ ಸಮನಾಗಿರುವುದಿಲ್ಲ. ಹೊಸದಾಗಿ ಲಗ್ನವಾಗಿ ಬಂದ ಸೊಸೆಯಲ್ಲಿ ಅತ್ಯಧಿಕ. ನಾದಿನಿ ಕ್ಯಾಟಲಾಗು ಬಿಚ್ಚಿದರೆ ಆಕೆ ಎರಡು ಶಾಂಪೂ ಖಂಡಿತ ತಗೊಳ್ಳುತ್ತಾಳೆ. ಬಗಲ ಮನೆಯವರಲ್ಲಿ ಮಧ್ಯಮ. ಶಾಲೆಯ ಅಕ್ಕೋರಲ್ಲಿ ದಾಕ್ಷಿಣ್ಯವೂ ಉಂಟು, ತಿಂಗಳ ಸಂಬಳವೂ ಉಂಟು; ಆದ್ದರಿಂದ ಅವರು ಈ ಶಾಸ್ತ್ರದಲ್ಲಿ ರತ್ನಪ್ರಾಯರು. ಗಟ್ಟಿ ಮುದುಕಿಯರಲ್ಲಿ ದಾಕ್ಷಿಣ್ಯದ ಅಂಶ ಸೊನ್ನೆ. ಉದಾಹರಣೆಗೆ:

"ಅಮ್ಮಾ, ಇದನ್ನ ರಾತ್ರಿ ಹಚ್ಕೊಂಡು ಮಕ್ಕಂಡ್ರ ಸುಕ್ಕು ಹೋಗ್ತಾವ."

"ಸುಕ್ಕು ಹೋದ್ರ ನನ್ನ ಮೊಮ್ಮಕ್ಕಳು ಗುರ್ತು ಹೆಂಗ ಹಿಡೀಬೇಕವಾ? ಕುಂದ್ರು, ಒಗ್ಗರಣಿ ತಿನ್ನು. ಆ ಡಬ್ಬಿ ಚೀಲದಾಗ ಹಾಕು."

ಗಮನಿಸಿ, ಒಗ್ಗರಣಿ ಮಿರ್ಚಿ ಕೊಟ್ಟದ್ದರಿಂದ ಇಲ್ಲಿ ದಾಕ್ಷಿಣ್ಯ ಉಲ್ಟಾ ಹರಿಯಿತು. ಮಾರಲು ಹೋದವಳೇ ಮುಂದಿನ ವಾರ ಮುದುಕಿಗೆ ಒಂದು ಬಾಮು ಬಿಟ್ಟಿ ಕೊಟ್ಟು ಬರುತ್ತಾಳೆ.

ದಾಕ್ಷಿಣ್ಯಕ್ಕೆ ಇನ್ನೊಂದು ಗುಣವಿದೆ: ಬಳಸಿದಷ್ಟೂ ಸವೆಯುತ್ತದೆ. ಅತ್ತಿಗೆ ಮೊದಲ ತಿಂಗಳು ಮೂರು ಸಾಮಾನು ಕೊಳ್ಳುತ್ತಾಳೆ, ಎರಡನೆಯ ತಿಂಗಳು ಒಂದು, ಮೂರನೆಯ ತಿಂಗಳು ಫೋನ್ ಎತ್ತುವುದಿಲ್ಲ. ಯಂತ್ರ ಸವೆದರೆ ಲೆಕ್ಕಪತ್ರದಲ್ಲಿ ತೋರಿಸಲು ಒಂದು ಕಲಮು ಇದೆ. ಅತ್ತಿಗೆ ಸವೆದದ್ದನ್ನು ಯಾವ ಕಲಮಿನಲ್ಲಿ ಬರೆಯಬೇಕು?

ಗಣಿತಾಧಿಕರಣ

ವ್ಯಾಪಾರದ ಎರಡನೆಯ ಅಂಗ 'ಪ್ಲಾನ್ ತೋರಿಸುವುದು'. ಬಿಳಿ ಹಲಗೆಯ ಮೇಲೆ ಒಂದು ವೃತ್ತ ಬರೆದು 'ಇದು ನೀವು' ಎನ್ನುತ್ತಾರೆ. ಕೆಳಗೆ ಆರು ವೃತ್ತ. ಅವು ನಿಮ್ಮ ಡೌನ್‌ಲೈನು. ಆ ಆರರ ಕೆಳಗೆ ಮತ್ತೆ ಆರಾರು. ಹಲಗೆ ಸಾಲದೆ ಗೋಡೆಗೆ ಬರುವ ಹೊತ್ತಿಗೆ ಕಾರು, ವಿದೇಶ ಪ್ರವಾಸ, ಡೈಮಂಡ್ ಪದವಿ ಕಾಣಿಸುತ್ತವೆ.

ಈ ಗಣಿತವನ್ನು ನಾವು ಜನಗಣತಿಯೊಂದಿಗೆ ತಾಳೆ ನೋಡಿದೆವು. ಆರರ ಲೆಕ್ಕದಲ್ಲಿ ಏಳನೆಯ ಮೆಟ್ಟಿಲಿಗೆ ಒಟ್ಟು 3,35,922 ಜನ ಸೇರಬೇಕು. 2011ರ ಗಣತಿಯಂತೆ ರಾಯಚೂರು ನಗರದ ಇಡೀ ಜನಸಂಖ್ಯೆ ಅದಕ್ಕಿಂತ ಕಡಿಮೆ. ಎಂಟನೆಯ ಮೆಟ್ಟಿಲಿಗೆ 20,15,538. ಜಿಲ್ಲೆಯ ಜನಸಂಖ್ಯೆ 19,28,812. ಅಂದರೆ ದೇವದುರ್ಗದ ತೊಟ್ಟಿಲ ಕೂಸು, ಹಟ್ಟಿಯ ಚಿನ್ನದ ಗಣಿಯೊಳಗೆ ಇಳಿದ ಕಾರ್ಮಿಕ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ರಾತ್ರಿಪಾಳಿ ಮಾಡುವವ, ಮೊದಲೇ ಹೇಳಿದ ಗಟ್ಟಿ ಮುದುಕಿ, ಎಲ್ಲರೂ ಲಿಪ್‌ಸ್ಟಿಕ್ ಮಾರುವವರಾದರೂ ಇನ್ನೂ 86 ಸಾವಿರ ಜನ ಕಡಿಮೆ ಬೀಳುತ್ತಾರೆ. ಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಮೀಟಿಂಗಿನಲ್ಲಿ ಕೇಳುವುದು 'ನೆಗೆಟಿವ್' ಎನಿಸಿಕೊಳ್ಳುತ್ತದೆ. ಹತ್ತನೆಯ ಮೆಟ್ಟಿಲೊಂದಕ್ಕೇ ಆರು ಕೋಟಿ ನಾಲ್ಕು ಲಕ್ಷ ಚಿಲ್ಲರೆ ಜನ ಬೇಕು, ಅಂದರೆ ಹೆಚ್ಚುಕಡಿಮೆ ಸಮಸ್ತ ಕರ್ನಾಟಕ. ಕೃಷ್ಣದೇವರಾಯನಿಗೂ ಇಷ್ಟು ದೊಡ್ಡ ಸೈನ್ಯ ಇರಲಿಲ್ಲ.

ಸರ್ಕಾರಕ್ಕೂ ಈ ಗಣಿತ ತಿಳಿದಿದೆ. 1978ರ ಕಾಯ್ದೆ ಹಣದ ಸರಪಳಿ ಯೋಜನೆಗಳನ್ನು ನಿಷೇಧಿಸಿತ್ತು. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳು, ಮಾಲು ಮಾರಿದ್ದಕ್ಕೆ ಕಮಿಷನ್ ಕೊಡಿ, ಮಂದಿ ಸೇರಿಸಿದ್ದಕ್ಕೆ ಕೊಡಬೇಡಿ ಎಂದು ಗೆರೆ ಎಳೆದವು. ಜೊತೆಗೆ ಇನ್ನೊಂದು ಕಟ್ಟಳೆ: ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗಿರಾಕಿಯ ಮನೆಗೆ ಹೋಗಕೂಡದು. ದೆಹಲಿಯಲ್ಲಿ ಕುಳಿತು ಇದನ್ನು ಬರೆದವರು ಮಾನ್ವಿಯಲ್ಲಿ ಚಿಕ್ಕಮ್ಮನ ಮನೆಗೆ ಹೋದವರಲ್ಲ. ಮೊದಲೇ ಫೋನು ಮಾಡಿ 'ಬರಲೇನು?' ಎಂದು ಕೇಳಿದರೆ ಚಿಕ್ಕಮ್ಮ, "ಯಾಕವಾ, ನಾವೇನು ಮಂದಿಯಾದ್ವೇನು?" ಎಂದು ಮುನಿಸಿಕೊಳ್ಳುತ್ತಾಳೆ. ಕೇಳದೆ ಹೋದರೆ ಕಾನೂನು ಮುನಿಸಿಕೊಳ್ಳುತ್ತದೆ. ಎರಡರಲ್ಲಿ ಯಾರ ಮುನಿಸು ಭಾರ ಎಂದು ನಮ್ಮ ಮಾರಾಟಗಾರ್ತಿಯರು ಎಂದೋ ತೀರ್ಮಾನಿಸಿದ್ದಾರೆ.

ಪರಂಪರೆಯ ಒಂದು ಟಿಪ್ಪಣಿ

ಅಪ್‌ಲೈನು, ಡೌನ್‌ಲೈನು ಎಂಬುದು ಈ ಸೀಮೆಗೆ ಅಪರಿಚಿತವಲ್ಲ ಎಂಬ ವಾದವೊಂದುಂಟು. ಚೀಕಲಪರ್ವಿಯ ವಿಜಯದಾಸರು, ಅವರ ಶಿಷ್ಯರು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮುಂದೆ ಮಾನ್ವಿಯ ಜಗನ್ನಾಥದಾಸರು. ಮನೆಮನೆ ತಿರುಗುವ ಗೋಪಾಳವೃತ್ತಿ, ಗುರುವಿನಿಂದ ಅಂಕಿತ, ಊರೂರು ಸಂಚಾರ ಎಲ್ಲವೂ ಇತ್ತು. ವಾದ ಚೆನ್ನಾಗಿದೆ, ಆದರೆ ಮುಖ್ಯ ಜಾಗದಲ್ಲಿ ಕುಂಟುತ್ತದೆ. ಹೊಟ್ಟೆಶೂಲೆಯಿಂದ ಸಾಯುವಂತಾಗಿದ್ದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆ ಎರೆದರೆಂಬುದು ಈ ಕಡೆಯ ಮನೆಮನೆಯ ಕಥೆ. ಮೇಲಿನವರು ಕೆಳಗಿನವರಿಗೆ ಕೊಟ್ಟರು. ಈಗಿನ ಪದ್ಧತಿಯಲ್ಲಿ ಆಯುಷ್ಯ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಟಾರ್ಗೆಟ್ ಬರುತ್ತದೆ. ಆದ್ದರಿಂದ ದಾಸರನ್ನು ಈ ಚರ್ಚೆಯಿಂದ ಕೈಮುಗಿದು ಹೊರಗಿಡುತ್ತೇವೆ.

ಕಾಲಮೀಮಾಂಸೆ

ಈಗ ಪ್ರಬಂಧದ ತಿರುಳು. ಕಂಪನಿಯ ಪಂಚಾಂಗದಲ್ಲಿ ಒಂದೇ ಹಬ್ಬ: ತಿಂಗಳ ಕೊನೆಯ 'ಕ್ಲೋಸಿಂಗ್'. ಅಷ್ಟರೊಳಗೆ ಪಾಯಿಂಟು ತುಂಬಬೇಕು, ಇಲ್ಲದಿದ್ದರೆ ಕಮಿಷನ್ನಿನ ಮೆಟ್ಟಿಲು ಜಾರುತ್ತದೆ. ಎಡೆದೊರೆ ನಾಡಿನ ಪಂಚಾಂಗ ಬೇರೆ. ದೇವದುರ್ಗದ ಕಡೆ ಮುಂಗಾರಿಗೆ ಹತ್ತಿ ಹಾಕಿದರೆ ಬಿಡಿಸುವುದು ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿಯವರೆಗೆ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತ, ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿದರೆ ಪುಣ್ಯ. ಮೆಣಸಿನಕಾಯಿ ಇನ್ನೂ ತಡ. ಹೀಗಾಗಿ ಜುಲೈ ತಿಂಗಳಲ್ಲಿ ಕೊಟ್ಟ ಸನ್‌ಸ್ಕ್ರೀನಿಗೆ ಬರುವ ಉತ್ತರ ಒಂದೇ:

"ಹತ್ತಿ ಬಂದ ಮ್ಯಾಲ ಕೊಡ್ತೀನಿ ಬಿಡು ಯಕ್ಕಾ. ನಾ ಎಲ್ಲಿ ಓಡಿ ಹೋಗ್ತೀನಿ?"

ಬಳಿಗಾರ ಇದಕ್ಕೆ ತಲೆಯಾಡಿಸಿ ಹೋಗುತ್ತಿದ್ದ. ಅವನ ಉದ್ರಿಯೂ ಹತ್ತಿಯ ಜೊತೆಗೇ ಹಣ್ಣಾಗುತ್ತಿತ್ತು. ಆದರೆ ನಮ್ಮ ಮಾರಾಟಗಾರ್ತಿ ಕಂಪನಿಗೆ ರೊಕ್ಕ ಮೊದಲೇ ಕಟ್ಟಿದ್ದಾಳೆ. ಜುಲೈ 31ಕ್ಕೆ ಕಂಪನಿ, ಸಂಕ್ರಾಂತಿಗೆ ಗಿರಾಕಿ. ನಡುವಿನ ಐದೂವರೆ ತಿಂಗಳನ್ನು ಯಾರು ತುಂಬಬೇಕು? ಸಂಘ ತುಂಬುತ್ತದೆ. ಸ್ತ್ರೀಶಕ್ತಿ ಗುಂಪಿನಿಂದ ಎಮ್ಮೆ ಕೊಳ್ಳಲು ಎತ್ತಿದ ಸಾಲ ನೈಟ್ ಕ್ರೀಮಿನ ರೂಪ ತಾಳಿ ಮನೆಯ ಟ್ರೆಜರಿಯಲ್ಲಿ ಕುಳಿತಿರುತ್ತದೆ. ಎಮ್ಮೆಯಾದರೆ ಹಾಲು ಕೊಡುತ್ತಿತ್ತು.

ಇತ್ತೀಚೆಗೆ ರಾಜ್ಯ ಸರ್ಕಾರ ಅರಿಯದೆಯೇ ಈ ಉದ್ಯಮಕ್ಕೆ ಎರಡು ಆಧಾರಸ್ತಂಭ ನಿಲ್ಲಿಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ: ಆಧಾರ್ ತೋರಿಸಿ, ಸೊನ್ನೆ ಟಿಕೆಟ್ ಹರಿಸಿಕೊಂಡು ಕೆಂಪು ಬಸ್ಸಿನಲ್ಲಿ ಕುಳಿತರೆ ಸಾಗಣೆ ವೆಚ್ಚ ಮಾಯ. ಅದೇ ವರ್ಷದ ಆಗಸ್ಟಿನಲ್ಲಿ ಗೃಹಲಕ್ಷ್ಮಿ: ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಇದರಿಂದ ಉದ್ರಿಯ ಮಾತಿನಲ್ಲಿ ಐತಿಹಾಸಿಕ ಬದಲಾವಣೆಯಾಯಿತು. 'ಹತ್ತಿ ಬಂದ ಮ್ಯಾಲ' ಎಂಬ ವಾಯಿದೆ 'ಗೃಹಲಕ್ಷ್ಮಿ ಬಿದ್ದ ಮ್ಯಾಲ' ಎಂದಾಯಿತು. ಹಣ ಬೀಳುವ ದಿನ ಮಾತ್ರ ಮಳೆಯಷ್ಟೇ ಅನಿಶ್ಚಿತ, ಆದ್ದರಿಂದ ಮೂಲ ಸಿದ್ಧಾಂತಕ್ಕೆ ಬಾಧೆಯಿಲ್ಲ.

ಆದರೂ ಒಂದು ಮಾತು ಶಾಸ್ತ್ರದ ಹೊರಗೆ. ಮೂರು ಮನೆ ತಿರುಗಿ, ಎರಡು ಕಡೆ ಚಹಾ ಕುಡಿದು, ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬರುವಾಗ ಆಕೆಯ ಪರ್ಸಿನಲ್ಲಿ ಇರುವ ನೂರೈವತ್ತು ರೂಪಾಯಿಗೆ ಲೆಕ್ಕ ಕೇಳುವವರಿಲ್ಲ. ಮೀಟಿಂಗಿನ ಹೆಸರಿನಲ್ಲಿ ರಾಯಚೂರಿನ ಹೋಟೆಲಿನ ಹಾಲಿಗೆ ಹೋಗಿ, ಇಸ್ತ್ರಿ ಸೀರೆ ಉಟ್ಟು, ಮೈಕಿನಲ್ಲಿ ತನ್ನ ಹೆಸರು ಕೇಳಿ ಚಪ್ಪಾಳೆ ಹೊಡೆಸಿಕೊಂಡವಳಿಗೆ ಆ ಚಪ್ಪಾಳೆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಕಂಪನಿ ಅಗ್ಗದಲ್ಲಿ ಕೊಡುವುದು ಇದೊಂದನ್ನೇ, ಬಹುಶಃ ನಿಜಕ್ಕೂ ಬೆಲೆ ಬಾಳುವುದೂ ಇದೊಂದೇ.

ಉಷ್ಣಪ್ರಕರಣ

ಲಿಪ್‌ಸ್ಟಿಕ್ ಎಂಬುದು ಮೇಣ ಮತ್ತು ಎಣ್ಣೆಯ ಕೂಟ. ಜೇನುಮೇಣ ಕರಗಲು 62 ಡಿಗ್ರಿ ಮೇಲೆ ಬೇಕು, ಎಣ್ಣೆ ಬೆರೆತರೆ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ 43, 44. ಬಿಸಿಲಲ್ಲಿ ನಿಂತ ಸ್ಕೂಟಿಯ ಡಿಕ್ಕಿಯ ಪಾಡು ಹೇಳಬೇಕಿಲ್ಲ. ಸ್ವೀಡನ್ನಿನ ಚಳಿಯಲ್ಲಿ ಹುಟ್ಟಿದ ಶಾಸ್ತ್ರಕ್ಕೆ ಇಲ್ಲಿನ ಬ್ಯಾಸಗಿ ಬರೆದ ಭಾಷ್ಯವೆಂದರೆ, ಡೆಮೊ ಕೊಡಲು ಮುಚ್ಚಳ ತೆಗೆದಾಗ ಬಣ್ಣವೆಲ್ಲ ಮುಚ್ಚಳದಲ್ಲೇ ಉಳಿಯುವುದು.

ಉಳಿದ ಮಾಲಿನ ಗತಿ

ಮಾರಾಟವಾಗದ ಸರಕು ನಾಶವಾಗುವುದಿಲ್ಲ, ಆಯೇರಿಯಾಗುತ್ತದೆ. ಟ್ರೆಜರಿಯಲ್ಲಿ ಉಳಿದ ಗಿಫ್ಟ್ ಸೆಟ್ಟು ಮೊದಲು ಮಾನ್ವಿಯ ಗೃಹಪ್ರವೇಶಕ್ಕೆ ಹೋಗುತ್ತದೆ. ಅವರ ಮನೆಯಲ್ಲಿ ಅಂಥವು ಆಗಲೇ ನಾಲ್ಕು ಇರುವುದರಿಂದ, ಕಾಗದ ಬದಲಿಸಿಕೊಂಡು ದೇವದುರ್ಗದ ಕುಬಸಕ್ಕೆ ತಲುಪುತ್ತದೆ. ಅಲ್ಲಿಂದ ಜಾವಳಕ್ಕೆ, ಜಾವಳದಿಂದ ನಿಶ್ಚಿತಾರ್ಥಕ್ಕೆ. ಹೀಗೆ ಸುತ್ತಿ ಸುತ್ತಿ ಒಂದು ದಿನ ಅದು ಮೊದಲ ಮಾರಾಟಗಾರ್ತಿಯ ತಂಗಿಯ ಲಗ್ನದಲ್ಲಿ ಆಕೆಯ ಕೈಗೇ ಬಂದಾಗ, ಆಕೆ ಡಬ್ಬಿ ತಿರುಗಿಸಿ ನೋಡಿದಳು. ಸೀಲು ಒಡೆದಿರಲಿಲ್ಲ. ಬಳಸಬೇಕಾದ ಕೊನೆಯ ದಿನಾಂಕದ ಮೇಲೆ ಯಾರೋ ಜಾಣೆ ಉಗುರುಬಣ್ಣ ಬಳಿದಿದ್ದಳು, ಅದೂ ಅದೇ ಕಂಪನಿಯದು, ಕ್ಯಾಟಲಾಗಿನ ಹದಿನಾರನೆಯ ಪುಟದ್ದು.