ಮಹರ್ಷಿಯ ಮನೆಯಾಕೆ

ಮಾಸ್ತಿಯವರು ತಮ್ಮ ಒಂದು ಕಥೆಯ ಹೆಸರಲ್ಲೇ ಟಾಲ್‌ಸ್ಟಾಯ್‌ಗೆ ‘ಮಹರ್ಷಿ’ ಪಟ್ಟ ಕಟ್ಟಿದರು. ಸರಿಯೇ. ಆದರೆ ಮಹರ್ಷಿಗಳ ಮನೆಯಲ್ಲಿ ದಿನಸಿ ಲೆಕ್ಕ ನೋಡುವವರು ಯಾರು ಸ್ವಾಮಿ?

1862ರಲ್ಲಿ ಮದುವೆಯಾದಾಗ ಹೆಂಡತಿ ಸೋಫಿಯಾಗೆ 18, ಗಂಡನಿಗೆ 34. ತಾಳಿಗೆ ಮುಂಚೆಯೇ ಎನ್ನುವ ಹಾಗೆ ಆತ ತನ್ನ ಹಳೆಯ ದಿನಚರಿಗಳನ್ನು ಕೈಗಿತ್ತ, ಪೋಲಿತನವೆಲ್ಲ ಅದರಲ್ಲಿತ್ತು. ನಮ್ಮ ಕಡೆಯ ವರನಾದರೆ ಜಾತಕ ಕೊಟ್ಟು ತೆಪ್ಪಗಿರುತ್ತಿದ್ದ!

ಆಮೇಲೆ 13 ಮಕ್ಕಳು. ಆ ಹೊತ್ತಿಗೆ ಹುಟ್ಟಿದ್ದವರನ್ನು ಮಲಗಿಸಿ, ಮೇಣದಬತ್ತಿ ಹಚ್ಚಿ, ಗಂಡನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಬಿಡಿಸಿಕೊಂಡು ‘ಯುದ್ಧ ಮತ್ತು ಶಾಂತಿ’ಯ ಶುದ್ಧಪ್ರತಿ ತೆಗೆಯುತ್ತಿದ್ದಳು. ಆ ಪುಣ್ಯಾತ್ಮ ಶುದ್ಧಪ್ರತಿಯ ಮೇಲೇ ಮತ್ತೆ ಗೀಚುತ್ತಿದ್ದ. ಮತ್ತೆ ಮೇಣದಬತ್ತಿ. ನಮ್ಮಲ್ಲಿ ಆ ಕಾದಂಬರಿಯನ್ನು ಒಮ್ಮೆ ಓದಿ ಮುಗಿಸಿದವರೇ ಎದೆ ಸೆಟೆಸಿ ಓಡಾಡುತ್ತಾರೆ!

ಮುಂದೆ ಗಂಡನಿಗೆ ವೈರಾಗ್ಯ ಹತ್ತಿತು. ಆಸ್ತಿ ಬೇಡ, ಪುಸ್ತಕದ ಹಕ್ಕೂ ಬೇಡ. ವೈರಾಗ್ಯ ಅವನಿಗೆ, ಮಕ್ಕಳ ಖರ್ಚು ಇವಳಿಗೆ. ಸೆರಗು ಬಿಗಿದು ಪ್ರಕಾಶನಕ್ಕಿಳಿದಳು. 1891ರಲ್ಲಿ ತ್ಸಾರ್ ಚಕ್ರವರ್ತಿಯನ್ನೇ ಕಂಡು, ನಿಷೇಧವಾಗಿದ್ದ ಗಂಡನ ‘ಕ್ರೂಟ್ಸರ್ ಸೊನಾಟಾ’ವನ್ನು ಸಮಗ್ರ ಸಂಪುಟದಲ್ಲಿ ಅಚ್ಚು ಹಾಕಲು ಒಪ್ಪಿಗೆ ತಂದಳು. ದಾಂಪತ್ಯವನ್ನೇ ಜಾಲಾಡುವ ಕಥೆ ಅದು! ಇಂಥ ವಕಾಲತ್ತು ಯಾವ ಹೆಂಡತಿ ವಹಿಸಿಯಾಳು?

1910ರಲ್ಲಿ 82ರ ಗಂಡ ರಾತ್ರೋರಾತ್ರಿ ಮನೆ ಬಿಟ್ಟು ಹೋಗಿ, ರೈಲ್ವೆ ಸ್ಟೇಷನ್ನೊಂದರಲ್ಲಿ ತೀರಿಕೊಂಡ. ಆಕೆ 1919ರವರೆಗೂ ಅವರ ಎಸ್ಟೇಟ್ ಯಾಸ್ನಯಾ ಪಾಲ್ಯಾನಾದಲ್ಲೇ ಇದ್ದು ಅವನ ಮನೆ, ಅವನ ಕಾಗದಪತ್ರ ಕಾಯ್ದಳು.

ಆ ದಪ್ಪ ‘ಯುದ್ಧ ಮತ್ತು ಶಾಂತಿ’ ಕೈಗೆತ್ತಿಕೊಂಡಾಗ ಮಹರ್ಷಿಗೆ ಹಾಕುವ ನಮಸ್ಕಾರದಲ್ಲಿ ಅರ್ಧ ಈಕೆಗೂ ಎತ್ತಿಡಿ.