ಬೆಳಕು ತಡೆಯುವ ಖರ್ಚು

ಬೆಂಗಳೂರಿನಲ್ಲಿ ಕೂತು ನೀಹಾರಿಕೆಯ ಫೋಟೊ ತೆಗೆಯುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಅವರ ತಪ್ಪಲ್ಲ. ಇಲ್ಲಿ ರಾತ್ರಿಗೆ ಕಪ್ಪು ಬಣ್ಣ ಹೋಗಿ ಎಷ್ಟೋ ಕಾಲವಾಯಿತು. ಆಕಾಶದ ಕತ್ತಲೆಗೆ 1ರಿಂದ 9ರವರೆಗೆ ದರ್ಜೆ ಕೊಡುವ ಬಾರ್ಟಲ್ ಮಾಪಕ ಎಂಬುದೊಂದಿದೆ, 2001ರಲ್ಲಿ ಬಂದದ್ದು. 1 ಅಂದರೆ ಗವ್ವೆನ್ನುವ ಕತ್ತಲೆ, 9 ಅಂದರೆ ನಾವು.

ಇಂಥ ಊರಲ್ಲಿ ಕೈಹಿಡಿಯುವುದು ನ್ಯಾರೋಬ್ಯಾಂಡ್ ಫಿಲ್ಟರ್. ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ ಹರಡಿದೆ. ಅದರಲ್ಲಿ 7 ನ್ಯಾನೋಮೀಟರಿನಷ್ಟು ಸಂದಿ ಬಿಟ್ಟು, ಮಿಕ್ಕಿದ್ದಕ್ಕೆಲ್ಲ ಬಾಗಿಲು ಹಾಕುವುದೇ ಈ ಗಾಜಿನ ಕಸುಬು. ನೀಹಾರಿಕೆಯ ಹೈಡ್ರೋಜನ್ ಕೆಂಪಗೆ ಹೊಳೆಯುವುದು 656.3ರಲ್ಲಿ. ಹಳೆಯ ಸೋಡಿಯಂ ಬೀದಿದೀಪ 589ರ ಆಸುಪಾಸಿನಲ್ಲಿ, ಅದಕ್ಕೆ ಪ್ರವೇಶವಿಲ್ಲ. ಹೊಸ ಎಲ್‌ಇಡಿ ದೀಪ ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ, ಆದರೂ ಸಂದಿಯಲ್ಲಿ ನುಸುಳುವುದು ಚಿಲ್ಲರೆ ಪಾಲು.

ಇದರಲ್ಲಿನ ಎಡವಟ್ಟು ನನಗಿಂತ ಬೇಗ ಹೊಳೆದದ್ದು ನನ್ನ ಹೆಂಡತಿಗೆ. “ಬೆಳಕು ಹಿಡಿಯೋಕೆ ಅಂತ ಕ್ಯಾಮೆರಾ ತಗೊಂಡ್ರಿ. ಈಗ ಬೆಳಕು ತಡೆಯೋಕೆ ದುಡ್ಡು ಬೇಕು ಅಂತೀರಿ. ಲೆನ್ಸ್ ಮುಚ್ಚಳ ಪುಕ್ಕಟೆ ಕೊಟ್ಟಿದ್ರಲ್ಲ?” ಇಂಥ ಫಿಲ್ಟರು ಮೂರು ಬೇಕೆಂಬ ಸಂಗತಿಯನ್ನು ಆ ಹೊತ್ತಿಗೆ ನುಂಗಿಕೊಂಡೆ.

ಹೈಡ್ರೋಜನ್, ಗಂಧಕ, ಆಮ್ಲಜನಕ, ಹೀಗೆ ಮೂರು. ನನ್ನ ಪಕ್ಷಪಾತ ಆಮ್ಲಜನಕದ ಕಡೆಗೆ. 1864ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ ಭೂಮಿಯ ಯಾವ ಧಾತುವಿಗೂ ಹೊಂದದ ಹಸಿರು ಗೆರೆ ಕಂಡಿತು. ಹೊಸ ಧಾತುವೇ ಇರಬೇಕೆಂದು ಅದಕ್ಕೆ ನೆಬ್ಯುಲಿಯಂ ಎಂಬ ನಾಮಕರಣವೂ ಆಯಿತು. 1927ರಲ್ಲಿ ಭೌತವಿಜ್ಞಾನಿ ಐರಾ ಬೋವೆನ್ ಲೆಕ್ಕ ಹಾಕಿ ಹೇಳಿದ: ಇದು ಎರಡು ಎಲೆಕ್ಟ್ರಾನ್ ಕಳಕೊಂಡ ನಮ್ಮ ಆಮ್ಲಜನಕವೇ. ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದೇ ಅಪರೂಪವೆನ್ನುವಷ್ಟು ತೆಳುವಾದ ಜಾಗದಲ್ಲಿ ಮಾತ್ರ ಆ ಹಸಿರು ಸೂಸುತ್ತದಂತೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫಿಲ್ಟರು ಸಿಕ್ಕಿದರಷ್ಟೇ ಸಾಲದು. ಟೆಲಿಸ್ಕೋಪು ನಕ್ಷತ್ರಗಳ ಹಿಂದೆಯೇ ತಿರುಗಬೇಕಾದರೆ ಅದನ್ನು ಹೊತ್ತ ಮೌಂಟಿನ ಅಕ್ಷ ಧ್ರುವದ ಕಡೆಗಿರಬೇಕು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿದೆ. ಅಂದರೆ ನನ್ನ ಪಾಲಿಗೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ನಮ್ಮ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಛತ್ರದ ಫ್ಯಾನಿನತ್ತ ಬೆರಳು ತೋರಿಸಿ, ಅಗೋ ಧ್ರುವ, ಅಗೋ ಅರುಂಧತಿ, ಕಂಡಿತೇ ಎಂದಾಗ ಊಟದ ಹೊತ್ತು ಮೀರಿತೆಂದು ಕಂಡಿತು ಎಂದಿದ್ದೆ. ಮೌಂಟಿಗೆ ಅಂಥ ದಾಕ್ಷಿಣ್ಯವಿಲ್ಲ. ಬೇರೆ ನಕ್ಷತ್ರಗಳ ಚಿತ್ರ ತೆಗೆದು ಅಕ್ಷ ಎಷ್ಟು ವಾರೆಯಾಗಿದೆಯೆಂದು ಲೆಕ್ಕ ಹೇಳುವ ತಂತ್ರಾಂಶಕ್ಕೆ ಶರಣಾದೆ.

ಚಳಿಗಾಲದ ನನ್ನ ಗುರಿ ರೋಸೆಟ್, ಗುಲಾಬಿ ನೀಹಾರಿಕೆ. ಆರ್ದ್ರಾ ನಕ್ಷತ್ರದ ಪೂರ್ವಕ್ಕೆ, ಎರಡು ಹುಣ್ಣಿಮೆ ಚಂದ್ರರಿಗಿಂತ ಅಗಲವಾಗಿ ಹರಡಿಕೊಂಡಿದ್ದರೂ ಬರಿಗಣ್ಣಿಗೆ ಶೂನ್ಯ. ಒಂದೊಂದು ಎಕ್ಸ್‌ಪೋಷರ್ ಐದು ನಿಮಿಷ; ಅಂಥವನ್ನು ರಾಶಿ ಹಾಕಿ ಸರಾಸರಿ ತೆಗೆಯಬೇಕು. ನಡುವೆ ಮನೆ ಓನರ್ ಆಂಟಿ ಕಳ್ಳನೆಂದು ಟೆರೇಸ್ ಲೈಟ್ ಹಾಕಿದರೆ ಆ ಐದು ನಿಮಿಷ ಹೊಳೆಯಲ್ಲಿ ಹುಣಸೆಹಣ್ಣು. ಬೆಳಗಾದ ಮೇಲೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಸುಕ್ಕಿಲ್ಲದಂತೆ ಬಿಗಿದು, ಆಕಾಶಕ್ಕೆ ತಿರುಗಿಸಿ ಫ್ಲಾಟ್ ಫ್ರೇಮ್ ತೆಗೆಯಬೇಕು. ಧೂಳಿನ ಕಲೆ, ಅಂಚಿನ ಮಬ್ಬು ಸರಿಮಾಡುವುದು ಅದರಿಂದಲೇ. ಟೆಲಿಸ್ಕೋಪಿಗೆ ಪಂಚೆ ಉಡಿಸಿದ್ದನ್ನು ಕಂಡು ಆಂಟಿ ಕೇಳಿದರು, “ಇವತ್ತೇನಪ್ಪಾ ಪೂಜೆ?”

ಇನ್ನು ಚಿತ್ರಕ್ಕೆ ಬಣ್ಣ ತುಂಬುವ ಕೆಲಸ. ಹೈಡ್ರೋಜನ್ನೂ ಗಂಧಕವೂ ಎರಡೂ ಕೆಂಪೇ. ಇದ್ದದ್ದು ಇದ್ದಂತೆ ಹಾಕಿದರೆ ಬೇರ್ಪಡುವುದಿಲ್ಲ. 1995ರಲ್ಲಿ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು ತೆಗೆದ ‘ಸೃಷ್ಟಿಯ ಸ್ತಂಭಗಳು’ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಹಂಚಿದ್ದರು. ಅದೇ ಪದ್ಧತಿಯಲ್ಲಿ ಮಾಡಿ ಆಂಟಿಗೆ ತೋರಿಸಿದೆ.

“ಗುಲಾಬಿ ಅಂದೆ, ಎಲೆಕೋಸು ತೋರಿಸ್ತಿದೀಯಲ್ಲಪ್ಪಾ!”

ಹಬಲ್ ಕತೆ ಹೇಳಿದೆ. “ಅವರು ಏನಾದ್ರೂ ಮಾಡ್ಕೊಳ್ಳಲಿ, ನಮ್ಮ ಹಾಲ್‌ಗೆ ಕೆಂಪಗಿರೋದು ಕೊಡು” ಎಂದರು. ಗಂಧಕ ಬಿಟ್ಟು, ಹೈಡ್ರೋಜನ್ನನ್ನು ಕೆಂಪಿಗೂ ಆಮ್ಲಜನಕವನ್ನು ಹಸಿರು-ನೀಲಿಗೂ ಹಾಕಿದೆ. ನಿಜವಾದ ಬಣ್ಣಕ್ಕೆ ಹತ್ತಿರದ್ದು ಇದೇ ಎಂಬುದು ಬೇರೆ ಮಾತು. ಅದೀಗ ಅವರ ಟೀವಿ ಪಕ್ಕದಲ್ಲಿದೆ. ಬಂದ ನೆಂಟರಿಗೆಲ್ಲ “ನಮ್ಮ ಟೆರೇಸಿಂದಾನೇ ತೆಗೆದಿದ್ದು” ಎನ್ನುತ್ತಾರೆ. ರಾತ್ರಿ ಹತ್ತರ ಮೇಲೆ ಲೈಟ್ ಹಾಕುವುದಿಲ್ಲ. ಇಷ್ಟೆಲ್ಲ ಕಾಣುವ ಟೆರೇಸೆಂದು ಬಾಡಿಗೆ ಮಾತ್ರ ಒಂದು ಸಾವಿರ ಏರಿಸಿದ್ದಾರೆ.