ಮುಖ್ಯ ಅತಿಥಿಗಳು ಬರುವವರೆಗೆ

ರಾಷ್ಟ್ರೀಯ ಪಂದ್ಯಾವಳಿಗೆ ಹೊರಟುನಿಂತ ಕಾಲೇಜು ಹೆಣ್ಣುಮಕ್ಕಳ ಹಾಕಿ ತಂಡವನ್ನು ಬೀಳ್ಕೊಡುವ ಸಲುವಾಗಿ ಬೈರಕೂರಿನ ಬಯಲಿನಲ್ಲಿ ಏರ್ಪಟ್ಟಿದ್ದ ಸಮಾರಂಭವು ಬೆಳಗಿನ ಹತ್ತು ಗಂಟೆಗೆ ಸರಿಯಾಗಿ ಆರಂಭವಾಗತಕ್ಕದ್ದೆಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದ್ದಿತಾದರೂ, ಹನ್ನೊಂದೂವರೆ ಹೊಡೆದಾಗಲೂ ಮುಖ್ಯ ಅತಿಥಿಗಳು ಮುಳಬಾಗಿಲನ್ನು ಬಿಟ್ಟಿರಲಿಲ್ಲ. ಮುಳಬಾಗಿಲಿನ ದೋಸೆಯ ಮುಂದೆ ಕುಳಿತವರು ಏಳುವುದು ತಡವಾದರೆ ಅದನ್ನು ಅಪರಾಧವೆಂದು ಎಣಿಸುವಷ್ಟು ಕಠಿನಹೃದಯನು ನಾನಲ್ಲವಾದ್ದರಿಂದ ಆ ಬಗ್ಗೆ ಹೆಚ್ಚಿಗೆ ಏನನ್ನೂ ಹೇಳಹೊರಟಿಲ್ಲ.

ಶಾಮಿಯಾನದ ಕೆಳಗಿನ ಕುರ್ಚಿಗಳೆಲ್ಲವೂ ಗಣ್ಯರಿಗೆ ಮೀಸಲಾಗಿದ್ದು, ಗಣ್ಯರು ಇನ್ನೂ ಬಾರದೆ ಇದ್ದುದರಿಂದ ನೆರಳು ಖಾಲಿಯಾಗಿಯೂ, ಆಟಗಾರ್ತಿಯರನ್ನು ಹೊರಗೆ ಸಾಲಾಗಿ ನಿಲ್ಲಿಸಿದ್ದುದರಿಂದ ಬಿಸಿಲು ಭರ್ತಿಯಾಗಿಯೂ ಇದ್ದವು. ಆ ಮಕ್ಕಳನ್ನು ಬೆಳಗಿನ ಜಾವದಲ್ಲಿಯೇ ಕುರುಡುಮಲೆಗೆ ಕರೆದೊಯ್ದು, ಚುನಾವಣೆಯ ಯಾತ್ರೆ ಹೊರಡಿಸುವ ಪಕ್ಷಗಳವರು ಮೊದಲು ಕೈಮುಗಿಯುವ ಆ ಮಹಾಗಣಪತಿಯ ಸನ್ನಿಧಿಯಲ್ಲಿ ಪೂಜೆಯನ್ನೂ, ಪೂಜೆಗಿಂತ ದೀರ್ಘವಾಗಿ ಫೋಟೋವನ್ನೂ ಮಾಡಿಸಿ ತಂದಿದ್ದರು. ಬಯಲಿನ ಅಂಚಿನಲ್ಲಿ ಒಂದು ಕ್ರೇನು, ಮುಖ್ಯ ಅತಿಥಿಗಳ ಕೊರಳಿಗೆಂದು ಕಟ್ಟಿಸಿದ ಸೇಬಿನ ಹಾರವನ್ನು ಅಂತರಿಕ್ಷದಲ್ಲಿ ಎತ್ತಿಹಿಡಿದಿತ್ತು. ಅದರ ಮಗ್ಗುಲಲ್ಲಿ ಜೆಸಿಬಿಯೊಂದು ಬಕೆಟ್ಟಿನ ತುಂಬ ಚೆಂಡುಹೂವಿನ ದಳಗಳನ್ನು ಹೊತ್ತು, ಪುಷ್ಪವೃಷ್ಟಿಯ ಅಪ್ಪಣೆಗಾಗಿ ಕಾದಿತ್ತು. ವೇದಿಕೆಯ ಹಿಂದೆ ಮನೆಯ ಗೋಡೆಯಷ್ಟು ದೊಡ್ಡದೊಂದು ಫ್ಲೆಕ್ಸು ಇದ್ದಿತು; ಡಿ.ವಿ.ಜಿ.ಯವರು ಹುಟ್ಟಿದ ತಾಲ್ಲೂಕಿನಲ್ಲಿ, ‘ಹಾರ್ದಿಕ’ ಎಂಬ ಪದದ ಅರ್ಕಾವೊತ್ತು ಅದರ ಮೇಲೆ ಎಲ್ಲಿಯೋ ಉದುರಿಹೋಗಿದ್ದಿತು. ಮುಖಂಡರ ಮುಖಗಳ ಕೆಳಗೆ ಉಳಿದ ಜಾಗದಲ್ಲಿ, ಶಿರಸ್ತ್ರಾಣ ಧರಿಸಿ, ಉಕ್ಕಿನ ಅಲಗಿನ ಬೂಟು ತೊಟ್ಟು, ಬೆಳ್ಳನೆಯ ಹಿಮದ ನೆಲದ ಮೇಲೆ ಬಾಗಿ ನುಗ್ಗುತ್ತಿದ್ದ ಪರದೇಶದ ಮಹಾಕಾಯರಿಬ್ಬರ ಚಿತ್ರವಿತ್ತು. ಹಾಕಿ ಎಂದು ಹುಡುಕಿ, ಮೊದಲು ಸಿಕ್ಕಿದುದನ್ನು ಅಂಟಿಸಿದ್ದರೆಂಬುದು ಸ್ಪಷ್ಟವಾಗಿತ್ತು.

ಇಂತಹ ಸಭೆಯಲ್ಲಿ ನನ್ನೊಡನೆ ಮಾತನಾಡಲು ಬಿಡುವಿದ್ದುದು ಒಂದೇ ಒಂದು ವ್ಯಕ್ತಿಗೆ. ಅದು ನಿಂಬೆಹಣ್ಣಿನ ಶರಬತ್ತಿನ ನೀಲಿ ಡ್ರಮ್ಮಿನ ಪಕ್ಕದಲ್ಲಿ, ಗೋಣಿತಾಟು ಹೊದೆದು, ಮರದ ಹೊಟ್ಟಿನ ಮೇಲೆ ಪವಡಿಸಿದ್ದ ಮಂಜುಗಡ್ಡೆ.

ನಾನು: ತಾವು ಬಹಳ ಹೊತ್ತಿನಿಂದ ಆ ಚಿತ್ರವನ್ನೇ ದಿಟ್ಟಿಸುತ್ತಿರುವಂತೆ ಕಾಣುತ್ತದೆ.

ಮಂಜುಗಡ್ಡೆ: ದಿಟ್ಟಿಸದೆ ಏನು ಮಾಡಲಿ, ಸ್ವಾಮಿ? ಆ ಫ್ಲೆಕ್ಸಿನಲ್ಲಿ ಹೆಸರಿಲ್ಲದೆ ಬಿದ್ದಿರುವವನು ನಾನೊಬ್ಬನೇ. ಮುಖಂಡರಿಗೆ ಹೆಸರಿದೆ, ಅವರ ಅಭಿಮಾನಿ ಬಳಗಕ್ಕೆ ಹೆಸರಿದೆ, ಅಚ್ಚುಹಾಕಿದ ಅಂಗಡಿಗೆ ಹೆಸರೂ ಫೋನ್ ನಂಬರೂ ಇವೆ. ಆ ಇಬ್ಬರು ದಾಂಡಿಗರನ್ನು ಹೊತ್ತು ನಿಂತಿರುವ ನೆಲ ನಾನು. ನನ್ನ ಸುದ್ದಿಯನ್ನು ಯಾರೂ ಎತ್ತಿಲ್ಲ. ಬೇಸರವೇನೂ ಇಲ್ಲ, ಅಲ್ಲಿ ನಿಂತಿರುವ ಹೆಣ್ಣುಮಕ್ಕಳ ಚಿತ್ರವೂ ಅದರಲ್ಲಿ ಇಲ್ಲವಷ್ಟೆ.

ನಾನು: ತಮಗೂ ಆ ಆಟಕ್ಕೂ ಸಂಬಂಧವಿದೆಯೆಂದು ಹೇಳುವಿರಾ? ತಮ್ಮ ಜನ್ಮ ಈ ಸೀಮೆಯದೇ ಅಲ್ಲವೆ?

ಮಂಜುಗಡ್ಡೆ: ದೇಹ ಈ ಸೀಮೆಯದು. ಸಾವಿರ ಅಡಿಗೂ ಕೆಳಗಿಳಿದ ಕೊಳವೆಬಾವಿಯಿಂದ ನನ್ನನ್ನು ಮೇಲಕ್ಕೆಳೆದು, ತಗಡಿನ ಡಬ್ಬದಲ್ಲಿ ತುಂಬಿ, ಅಮೋನಿಯಾದಿಂದ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಗಟ್ಟಿಮಾಡಿದರು. ಆದರೆ ಗೋತ್ರವನ್ನು ಕೇಳುವಿರಾದರೆ ಅದು ದೊಡ್ಡದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು 1833ರಲ್ಲಿ ನಮ್ಮ ಪೂರ್ವಿಕರನ್ನು ಹಡಗಿನಲ್ಲಿ ತುಂಬಿ, ಸಮಭಾಜಕವೃತ್ತವನ್ನು ದಾಟಿಸಿ, ಕಲ್ಕತ್ತೆಯಲ್ಲಿ ಇಳಿಸಿದನು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ನಮಗೆಂದೇ ಒಂದು ಬಂಗಲೆಯನ್ನು ಕಟ್ಟಿಸಿದರು. ಮುಂದೆ 1897ರಲ್ಲಿ ವಿವೇಕಾನಂದರು ಬಂದು ತಂಗಿದ ಐಸ್ ಹೌಸ್ ಅದೇ. ನಿಮ್ಮ ಮುಳಬಾಗಿಲ ಹೆದ್ದಾರಿಯಲ್ಲಿ ನೆಟ್ಟಗೆ ಮೂಡಲಿಗೆ ಹೋದರೆ ಸಿಕ್ಕುತ್ತದೆ.

ನಾನು: ಆಟದ ವಿಷಯ?

ಮಂಜುಗಡ್ಡೆ: ಅಲ್ಲಿಗೇ ಬರುತ್ತಿದ್ದೇನೆ, ಅವಸರ ಪಡಬೇಕಾದವನು ನಾನು, ತಾವಲ್ಲ. ಟ್ಯೂಡರನ ಜನ ನಮ್ಮನ್ನು ಗರಗಸದಿಂದ ಕೊಯ್ದ ಕೊಳಗಳಲ್ಲಿ ಒಂದು ಕೇಂಬ್ರಿಜ್ ಪಟ್ಟಣದ ಫ್ರೆಶ್ ಪಾಂಡ್. ಹಾರ್ವರ್ಡ್ ವಿಶ್ವವಿದ್ಯಾಲಯ ಇರುವುದೂ ಅದೇ ಪಟ್ಟಣದಲ್ಲಿ. ಹಡಗು ಹತ್ತಿದವರು ಮದರಾಸಿನ ದೊರೆಗಳ ಬಟ್ಟಲು ಸೇರಿದೆವು. ಊರಿನಲ್ಲೇ ಉಳಿದವರ ಮೇಲೆ ವಿದ್ಯಾರ್ಥಿಗಳು ಜಾರುತ್ತ ಬೆಳೆದರು. ಆ ದೇಶದಲ್ಲಿ ಕಾಲೇಜು ಕಾಲೇಜುಗಳ ನಡುವಣ ಮೊದಲ ಮಂಜಿನ ಹಾಕಿ ಪಂದ್ಯವೆಂದು ಹೇಳುವುದು 1898ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ನಡೆದುದನ್ನು. ಬ್ರೌನ್ ವಿಶ್ವವಿದ್ಯಾಲಯದವರು ಹಾರ್ವರ್ಡಿನವರನ್ನು 6–0ರಿಂದ ಸೋಲಿಸಿದರು. ಅದಕ್ಕೂ ಮೊದಲು, 1875ರ ಮಾರ್ಚಿಯಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಮ್ಮನ್ನು ಸೂರಿನಡಿಗೆ ತಂದು ಆಡಿದ್ದರು. ಚೆಂಡಿನ ಬದಲು ಅವರದು ಮೂರಂಗುಲ ಅಗಲದ ರಬ್ಬರಿನ ಬಿಲ್ಲೆ. ಅದು ಪುಟಿಯದಿರಲೆಂದು ಆಟಕ್ಕೆ ಮೊದಲು ಅದನ್ನೂ ಹೆಪ್ಪುಗಟ್ಟಿಸಿಡುತ್ತಾರೆ. ನಮ್ಮ ಶೈತ್ಯಕ್ಕೆ ಅಲ್ಲಿ ಅಷ್ಟು ಗೌರವ.

ನಾನು: ಬಯಲಿನ ಹಾಕಿಯವರಿಗೆ ಮಾಂಟ್ರಿಯಲ್ಲಿನ ಹೆಸರು ಅಷ್ಟಾಗಿ ಹಿಡಿಸಲಾರದು.

ಮಂಜುಗಡ್ಡೆ: ಹೇಗೆ ಹಿಡಿಸೀತು? 1928ರಿಂದ ಒಂದು ಒಲಿಂಪಿಕ್ಸಿನಲ್ಲಿಯೂ ಬರಿಗೈಯಲ್ಲಿ ಹಿಂದಿರುಗದೆ ಇದ್ದ ಭಾರತದ ತಂಡವು, ಆ ಊರಿನವರು 1976ರಲ್ಲಿ ಹುಲ್ಲನ್ನು ಕಿತ್ತು ಕೃತಕ ಹಾಸನ್ನು ಹಾಸಿದೊಡನೆ ಏಳನೆಯ ಸ್ಥಾನಕ್ಕೆ ಇಳಿಯಿತು. ನಮ್ಮನ್ನು ಮನೆಯೊಳಕ್ಕೆ ಕರೆದ ಊರೇ ನಿಮ್ಮ ಹುಲ್ಲನ್ನು ಮನೆಯಿಂದ ಹೊರಕ್ಕೆ ಹಾಕಿತು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂದುದುಂಟು, ನಿಮ್ಮ ಕೊಡಗಿನ ಎಂ. ಎಂ. ಸೋಮಯ್ಯನವರು ಆ ತಂಡದಲ್ಲಿ ಇದ್ದುದೂ ಉಂಟು. ಆಮೇಲಿನ ಕಥೆಯನ್ನು ತಾವೇ ಬಲ್ಲಿರಿ. ಈ ಹೆಣ್ಣುಮಕ್ಕಳು ಹೋಗಿ ಆಡಬೇಕಾದುದು ಅಂಥದೇ ಹಾಸಿನ ಮೇಲೆ. ಅಭ್ಯಾಸ ಮಾಡಿದುದು ಇಲ್ಲಿ.

(‘ಇಲ್ಲಿ’ ಎಂಬುದನ್ನು ನೋಡಲೆಂದು ನಾನು ತಿರುಗಿದೆ. ಸುಗ್ಗಿಯಲ್ಲಿ ರಾಗಿಯ ಕಣವೂ, ಜಾತ್ರೆಯಲ್ಲಿ ತೊಟ್ಟಿಲಾಟವೂ, ಚುನಾವಣೆಯಲ್ಲಿ ಹೆಲಿಕಾಪ್ಟರೂ ಸರದಿಯ ಮೇಲೆ ಅನುಭವಿಸುವ ಆ ಬಯಲಿನಲ್ಲಿ, ನಡುವೆ ಒಂದಿಷ್ಟು ಜಾಗದಲ್ಲಿ ಮಾತ್ರ ಕಲ್ಲುಗಳಿರಲಿಲ್ಲ. ಹೆಕ್ಕಿದ ಕಲ್ಲುಗಳು ಅಂಚಿನಲ್ಲಿ ಸಣ್ಣ ಸಣ್ಣ ಗುಡ್ಡೆಗಳಾಗಿ ಬಿದ್ದಿದ್ದವು. ಅಂತಹ ಒಂದು ಗುಡ್ಡೆಯ ಮೇಲೆಯೇ ಜೆಸಿಬಿಯ ಮುಂಗಾಲಿ ಏರಿ ನಿಂತಿತ್ತು.)

ಮಂಜುಗಡ್ಡೆ: ನೋಡಿದಿರಷ್ಟೆ? ಆ ಕಲ್ಲುಗಳನ್ನು ಈ ಮಕ್ಕಳು ತರಗತಿ ಬಿಟ್ಟ ಮೇಲೆ ಬಗ್ಗಿ ಬಗ್ಗಿ ಆರಿಸಿದುದು. ಅವರ ಮೇಷ್ಟರು ಒಂದು ದಿನದ ಮಟ್ಟಿಗೆ ಜೆಸಿಬಿ ಕೊಡಿಸಿರೆಂದು ಅರ್ಜಿ ಹಿಡಿದು ಅಲೆದರಂತೆ, ದೊರೆಯಲಿಲ್ಲ. ಇವೊತ್ತು ಹೂವು ಸುರಿಯುವುದಕ್ಕೆ ಬೆಳಿಗ್ಗೆ ಏಳರಿಂದ ಬಾಡಿಗೆಯ ಮೇಲೆ ನಿಂತಿದೆ. ದಳಗಳು ಬಾಡುತ್ತಿವೆ, ನಾನು ಕರಗುತ್ತಿದ್ದೇನೆ, ಬಾಡಿಗೆಯೊಂದು ಮಾತ್ರ ಏರುತ್ತಿದೆ.

ನಾನು: ಹಾಗಾದರೆ ಈ ಬೆಂಬಲವೆಲ್ಲ ವ್ಯರ್ಥವೆಂದು ತಮ್ಮ ಅಭಿಪ್ರಾಯವೋ? ಅಮೆರಿಕದಲ್ಲಿಯೂ ಕಾಲೇಜು ತಂಡಗಳ ಹಿಂದೆ ಊರಿಗೆ ಊರೇ ಕೂಗಾಡುತ್ತದೆಯೆಂದು ಕೇಳಿದ್ದೇನೆ.

ಮಂಜುಗಡ್ಡೆ: ಕೂಗಾಡುತ್ತದೆ, ಸ್ವಾಮಿ, ಸಭ್ಯತೆಯನ್ನು ಮೀರಿಯೇ ಕೂಗಾಡುತ್ತದೆ. 1948ರಿಂದ ಅವರಿಗೆ ಕಾಲೇಜುಗಳ ರಾಷ್ಟ್ರೀಯ ಮಂಜಿನ ಹಾಕಿ ಪಂದ್ಯಾವಳಿಯಿದೆ. ಕಾರ್ನೆಲ್ ವಿಶ್ವವಿದ್ಯಾಲಯವೆಂದು ಒಂದುಂಟು. 1970ರಲ್ಲಿ ಇಪ್ಪತ್ತೊಂಬತ್ತು ಪಂದ್ಯಗಳನ್ನು ಆಡಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದ ತಂಡ. ಹಾರ್ವರ್ಡಿನವರು ಆ ಊರಿಗೆ ಆಡಲು ಬಂದರೆ ಕಾರ್ನೆಲ್ಲಿನ ಹುಡುಗರು ಅವರ ಮೇಲೆ ಮೀನು ಎಸೆಯುತ್ತಾರೆ. ಸತ್ತ ಮೀನು, ನೇರವಾಗಿ ನನ್ನ ಬಂಧುಗಳ ಎದೆಯ ಮೇಲೆ! 1973ರಲ್ಲಿ ಹಾರ್ವರ್ಡಿನ ಕಡೆಯವರು ಕೋಳಿ ಎಸೆದುದಕ್ಕೆ ಪ್ರತ್ಯುತ್ತರವಂತೆ. ಅನಾಗರಿಕವೆಂದು ನನಗೂ ಅನ್ನಿಸುತ್ತದೆ. ಆದರೆ ಮೀನು ಎಸೆಯುವವನು ಅದನ್ನು ತನ್ನ ಕಾಸಿನಿಂದ ಕೊಂಡಿರುತ್ತಾನೆ, ಅಂಗಿಯೊಳಗೆ ಬಚ್ಚಿಟ್ಟು ಅದರ ನಾತವನ್ನು ತಾನೇ ಸಹಿಸಿರುತ್ತಾನೆ, ಕಡೆಯ ಸೀಟಿಯವರೆಗೆ ಕುಳಿತು ಆಟವನ್ನು ನೋಡುತ್ತಾನೆ. ಈ ಶಾಮಿಯಾನದಲ್ಲಿ ಕುಳಿತುಕೊಳ್ಳಲಿರುವವರಲ್ಲಿ ಪಂದ್ಯ ನಡೆಯುವ ಊರಿಗೆ ಎಷ್ಟು ಮಂದಿ ಹೋಗುವರು, ಹೇಳಿ.

ನಾನು: ಅಷ್ಟು ದೂರ ಹೋಗುವುದೆಂದರೆ ಖರ್ಚಿನ ಮಾತು.

ಮಂಜುಗಡ್ಡೆ: ಹತ್ತಿರದ್ದನ್ನೇ ನೋಡಿ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ನಡೆಸಿದಾಗ ಬಂದುದು 60 ತಂಡಗಳು; 2024ರಲ್ಲಿ ನಾಪೋಕ್ಲಿನಲ್ಲಿ 360. ವರ್ಷಕ್ಕೊಂದು ಕುಟುಂಬ ಹೊಣೆ ಹೊತ್ತು, ತನ್ನ ಹೆಸರಿನಲ್ಲಿ ನಡೆಸುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಇಳಿಯುವುದುಂಟು. ಅಲ್ಲಿ ಅಂಚಿನಲ್ಲಿ ಕುಳಿತ ಮುದುಕಿಯೊಬ್ಬಳು ‘ಅದು ಪೆನಾಲ್ಟಿ ಕಾರ್ನರು!’ ಎಂದು ಅಂಪೈರನ ಮೇಲೆ ರೇಗಿದರೆ ಬಹುಮಟ್ಟಿಗೆ ಅವಳೇ ಸರಿಯಾಗಿರುತ್ತಾಳೆ. ಆಟವನ್ನು ಅರಿತ ಜನ ಬಯ್ದರೂ ತಂಡಕ್ಕೆ ಬಲವೇ. ಅರಿಯದ ಜನ ಹೊಗಳಿದರೆ ಫ್ಲೆಕ್ಸಿನಲ್ಲಿ ತಪ್ಪು ಚಿತ್ರ.

ಈ ಹೊತ್ತಿಗೆ ತಂಡದ ಗೋಲ್‌ಕೀಪರು, ತೆಳ್ಳಗಿನ ಹುಡುಗಿ, ಕುಂಟುತ್ತ ಬಂದು, ಶರಬತ್ತಿನ ಉಸ್ತುವಾರಿಯಲ್ಲಿದ್ದವನನ್ನು ‘ಅಣ್ಣಾ, ಒಂಚೂರು ಐಸು ಕೊಡಣ್ಣಾ, ಕಾಲು ಬಾತಿದೆ’ ಎಂದು ಕೇಳಿದಳು. ಅವನು ಅತ್ತಿತ್ತ ನೋಡಿ, ‘ಗೆಸ್ಟ್‌ಗಳಿಗೆ ಸಾಲದೆ ಬಂದರೆ ನನ್ನ ಬಯ್ತಾರೆ, ಬೇಗ ತಗೊಂಡು ಹೋಗಮ್ಮಾ’ ಎಂದು ಸುತ್ತಿಗೆಯಿಂದ ಒಂದು ಮೂಲೆಯನ್ನು ಒಡೆದು ಕೊಟ್ಟನು. ಅವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ, ನೆಲದ ಮೇಲೆ ಕುಳಿತು, ಕಾಲುಗಂಟಿನ ಮೇಲೆ ಒತ್ತಿ ಹಿಡಿದಳು. ಅವಳ ತೊಡೆಯ ಮೇಲಿದ್ದ ಸ್ಟಿಕ್ಕಿನ ನಡುವೆ ಒಂದು ಗೇಣಿನಷ್ಟು ದೂರ ಸೈಕಲ್ಲಿನ ಟ್ಯೂಬನ್ನು ಸುತ್ತಿತ್ತು. ಕಾಲಿನ ಪ್ಯಾಡುಗಳ ಮೇಲೆ ಬೇರೊಂದು ಕಾಲೇಜಿನ ಹೆಸರನ್ನು ಕೆರೆದು ಅಳಿಸಿದ ಗುರುತಿತ್ತು.

ಮಂಜುಗಡ್ಡೆ: ಸ್ವಾಮಿ, ಇದನ್ನು ತಾವು ಅವಶ್ಯವಾಗಿ ಬರೆಯಬೇಕು. ಇವೊತ್ತು ಬೆಳಗಿನಿಂದ ಈ ಬಯಲಿನಲ್ಲಿ ಬಂದು ಬಿದ್ದ ಸಮಸ್ತ ಸಾಮಗ್ರಿಗಳಲ್ಲಿ, ಆಟಗಾರ್ತಿಯೊಬ್ಬಳ ಉಪಯೋಗಕ್ಕೆ ಬಂದ ಪದಾರ್ಥವೆಂದರೆ ನನ್ನ ಎಡಗಡೆಯ ಮೂಲೆ.

ನಾನು: ಬರೆದುಕೊಂಡೆ. ನಮ್ಮ ನಾಡಿನವರು ತಮ್ಮ ಮೇಲೆ ಆಡುವ ಕಾಲ ಬರಬಹುದೆಂದು ತಮಗೆ ಅನ್ನಿಸುತ್ತದೆಯೆ?

ಮಂಜುಗಡ್ಡೆ: ಯಾಕೆ ಬರಬಾರದು? ಲೇಹ್‌ನಲ್ಲಿ ಕೊಳಗಳು ಹೆಪ್ಪುಗಟ್ಟಿದಾಗ ಹುಡುಗ ಹುಡುಗಿಯರು ಹಾಕಿ ಆಡುತ್ತಾರೆ. ಶಿಮ್ಲಾದಲ್ಲಿ 1920ರಿಂದ ಜಾರುವ ಅಂಗಳವಿದೆ. 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಮಾಡಿ ಚಿನ್ನ ಗೆದ್ದ ಭವಾನಿ ತೆಕ್ಕಡ ನಂಜುಂಡ ಕೊಡಗಿನ ಹುಡುಗಿ. ಕೊಡಗಿನಲ್ಲಿ ಹಿಮ ಬೀಳುವುದಿಲ್ಲವೆಂಬುದನ್ನು ತಮಗೆ ಹೇಳಬೇಕಾದುದಿಲ್ಲ. ಆದರೆ ಬೈರಕೂರಿಗೆ ನನ್ನನ್ನು ಹಾಸಬೇಡಿ. ಒಳಾಂಗಣದ ಮಂಜಿನ ಅಂಗಳವೆಂದರೆ ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲ, ಅದರ ಅಡಿಯಲ್ಲೆಲ್ಲ ಹಗಲಿರುಳು ಶೀತಲವಾದ ಉಪ್ಪುನೀರು ಹರಿಯುವ ಕೊಳವೆಗಳು. ಬಯಲಿನ ಹಾಕಿಯ ಕೃತಕ ಹಾಸಿಗಾದರೂ ಪಂದ್ಯಕ್ಕೆ ಮೊದಲು ಸಾವಿರಾರು ಲೀಟರು ನೀರು ಉಣಿಸಿ ನೆನೆಸಬೇಕೆಂಬ ಪದ್ಧತಿ. ನಿಮ್ಮದು ತುಂಬಿ ಹರಿಯುವ ನದಿಯಿಲ್ಲದ ಜಿಲ್ಲೆ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ 2018ರಿಂದ ನಿಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ, ಅದಕ್ಕೂ ಕೆ.ಸಿ. ವ್ಯಾಲಿ ಎಂದು ಹೆಸರಿಟ್ಟು ಜನ ಜಗಳವಾಡುತ್ತಿದ್ದಾರೆ. ಆದ್ದರಿಂದ ಮೊದಲು ನೆಲವನ್ನು ಮಟ್ಟಮಾಡಿಸಿ, ನಾಲ್ಕು ಹೊಸ ಸ್ಟಿಕ್ಕು ಕೊಡಿಸಿ, ಮಕ್ಕಳಿಗೆ ಸಂಜೆ ಎರಡು ಮೊಟ್ಟೆ ಕೊಡಿ. ನಾನು ಶರಬತ್ತಿನಲ್ಲಿಯೇ ಇರುತ್ತೇನೆ.

ಮಂಜುಗಡ್ಡೆಯು ಇನ್ನೂ ಏನನ್ನೋ ಹೇಳುವುದರಲ್ಲಿದ್ದಿತು. ಅಷ್ಟರಲ್ಲಿ ಬೆಂಗಳೂರಿನ ಕಡೆಯ ಬಸ್ಸು ಬಂದುದರಿಂದಲೂ, ಬೆಂಗಳೂರಿನ ರೈಲು ಮುಖ್ಯ ಅತಿಥಿಗಳಿಗಾಗಿ ಕಾಯತಕ್ಕ ಸ್ವಭಾವದ್ದಲ್ಲವಾದುದರಿಂದಲೂ, ಮೇಷ್ಟರು ಸಂಘಟಕರ ಮುಖವನ್ನು ನೋಡದೆ ಹುಡುಗಿಯರನ್ನು ಹತ್ತಿಸಿಬಿಟ್ಟರು. ಸ್ಟಿಕ್ಕುಗಳು ಗೊಬ್ಬರದ ಚೀಲದಲ್ಲಿ ಮೂತಿ ಚಾಚಿಕೊಂಡು ಕಂಡಕ್ಟರನ ಸೀಟಿನ ಕೆಳಗೆ ಸೇರಿದವು. ಅವಕ್ಕೆ ಲಗೇಜು ಚೀಟಿ ಹರಿಯಬೇಕೋ ಬೇಡವೋ ಎಂಬ ಚರ್ಚೆಯು ಬಸ್ಸು ಹೊರಟ ಮೇಲೆಯೂ ಕೇಳಿಸುತ್ತಿತ್ತು.

ಮುಖ್ಯ ಅತಿಥಿಗಳು ಒಂದು ಗಂಟೆಗೆ ದಯಮಾಡಿಸಿದರು. ಹಾರ ಇಳಿಯಿತು, ಹೂವು ಸುರಿಯಿತು. ತಂಡವು ಎದುರಿಗೆ ಇಲ್ಲದಿದ್ದುದನ್ನು ಅವರು ಗಮನಿಸಿದಂತೆ ಕಾಣಲಿಲ್ಲ, ಅಥವಾ ಶಾಮಿಯಾನದಲ್ಲಿ ಕುಳಿತವರನ್ನೇ ತಂಡವೆಂದು ಬಗೆದಿದ್ದರೆ ಅದಕ್ಕೆ ಕ್ಷಮೆಯುಂಟು, ಏಕೆಂದರೆ ಶಾಲು ಹೊದ್ದವರು ಅವರೇ. ಭಾಷಣದ ನಡುವೆ ಹಿಂದಿರುಗಿ ಫ್ಲೆಕ್ಸನ್ನು ನೋಡಿ, ‘ನಮ್ಮ ಹೆಣ್ಣುಮಕ್ಕಳು ಆಡುವ ಇಂಥಾ ಬಿಳೀ ಮೈದಾನವನ್ನೇ ಬೈರಕೂರಿಗೂ ಮಂಜೂರು ಮಾಡಿಸದೆ ನಾನು ವಿಶ್ರಮಿಸುವುದಿಲ್ಲ’ ಎಂದು ಘೋಷಿಸಿದಾಗ ಬಿದ್ದ ಚಪ್ಪಾಳೆಯು ನಂಗಲಿಯವರೆಗೂ ಕೇಳಿಸಿರಬೇಕು.

ಈ ಆಶ್ವಾಸನೆಯ ಬಗ್ಗೆ ಮಂಜುಗಡ್ಡೆಯ ಪ್ರತಿಕ್ರಿಯೆಯನ್ನು ಪಡೆಯೋಣವೆಂದು ಡ್ರಮ್ಮಿನ ಬಳಿಗೆ ಹೋದೆ. ಅಷ್ಟು ಹೊತ್ತಿಗೆ ಅದು ಪೂರ್ತಿಯಾಗಿ ಶರಬತ್ತಿಗೆ ಸಂದು, ಹುಡುಗನೊಬ್ಬ ಮೋಟಾರು ಬೈಕಿನಲ್ಲಿ ತಂದಿಳಿಸಿದ ಹೊಸ ಗಡ್ಡೆಯೊಂದು ಅದೇ ಗೋಣಿತಾಟನ್ನು ಹೊದೆದು, ಅದೇ ಹೊಟ್ಟಿನ ಮೇಲೆ ಕುಳಿತಿತ್ತು. ನನ್ನ ಪ್ರಶ್ನೆಯನ್ನು ಅದು ಗಂಭೀರವಾಗಿ ಆಲಿಸಿ ಹೀಗೆಂದಿತು:

‘ನಾನು ಇದೀಗ ಅಧಿಕಾರ ವಹಿಸಿಕೊಂಡಿದ್ದೇನೆ. ಹಿಂದೆ ಇದ್ದವರು ಏನು ಹೇಳಿದರೆಂಬುದು ನನ್ನ ಗಮನಕ್ಕೆ ಬಂದಿಲ್ಲ. ಕಡತವನ್ನು ತರಿಸಿಕೊಂಡು, ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಬೈರಕೂರಿನ ಮೈದಾನದ ವಿಷಯವನ್ನು ನಾವು ತಾತ್ತ್ವಿಕವಾಗಿ ಒಪ್ಪಿದ್ದೇವೆ.’